ಮಹಿಳಾ ಆರೋಗ್ಯ ಪ್ಯಾಕೇಜ್: ಡಾಕ್ಟರಿಗೆ ಐದು ನಕ್ಷತ್ರ, ಕೌಂಟರಿಗೆ ಒಂದು

ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆಂದು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಗೆ ಹೋಗಿ ಬಂದೆ. ಹೆಸರು ಬರೆಯುವುದಿಲ್ಲ. ಬರೆದರೆ ಕೌಂಟರಿನವರ ತಪ್ಪಿಗೆ ಅಲ್ಲಿನ ಡಾಕ್ಟರಮ್ಮನಿಗೂ ಮಸಿ ಅಂಟುತ್ತದೆ. ನನಗೆ 48 ವರ್ಷ. ಶಹಾಬಜಾರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇದೆ. ಮೈಯಲ್ಲಿ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಇಲ್ಲದಿರುವಾಗಲೇ ಮಾಡಿಸಬೇಕಾದ ಪರೀಕ್ಷೆ ಇದು ಎಂದರೆ ಅಂಗಡಿಗೆ ಬರುವ ಹೆಂಗಸರು ನಗುತ್ತಾರೆ: "ಬಿಳಿಸೆರಗಿಲ್ಲ, ನೋವಿಲ್ಲ, ಸುಮ್ಮನೆ ಯಾಕೆ ತೋರಿಸಬೇಕು?" 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದೊಳಗಿನವರ ಪೈಕಿ ಒಮ್ಮೆಯಾದರೂ ಈ ತಪಾಸಣೆಗೆ ಒಳಗಾದವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ.

ಮೊದಲು ಕೌಂಟರಿನ ವಿಷಯ. ಮಂಡಿನೋವಿನವರು, ಸಕ್ಕರೆ ಕಾಯಿಲೆಯವರು, ಅವರ ಜೊತೆ ಬಂದವರು ಎಲ್ಲರೂ ಕುಳಿತಿರುವ ಹಾಲ್. ಅಲ್ಲಿ ಒಬ್ಬ ಹುಡುಗ ಎದ್ದು ನಿಂತು "ಪ್ಯಾಪ್ ಸ್ಮಿಯರ್ ಯಾರು? ಪ್ಯಾಪ್ ಸ್ಮಿಯರ್!" ಎಂದು ಕೂಗಿದ. ಗರ್ಭಕಂಠದಿಂದ ಜೀವಕೋಶ ತೆಗೆದು ನೋಡುವ ನನ್ನ ಪರೀಕ್ಷೆಯ ಹೆಸರು ಅದು. ಎದ್ದು ಹೋದೆ. ಮದುವೆಯಾಗಿದೆಯೇ, ಮಕ್ಕಳೆಷ್ಟು, ಕಡೆಯ ಮುಟ್ಟು ಯಾವಾಗ ಎಂಬುದೂ ಅಷ್ಟೇ ಎತ್ತರದ ದನಿಯಲ್ಲಿ ಆಯಿತು. ಕಡೆಯ ಪ್ರಶ್ನೆಗೆ ನಾನು ಚೀಟಿಯಲ್ಲಿ ತಾರೀಖು ಬರೆದು ಕೊಟ್ಟೆ. ಅವನು ಅದನ್ನೂ ಗಟ್ಟಿಯಾಗಿ ಓದಿದ.

ನನ್ನ ಮುಂದಿದ್ದವರು ಜೇವರ್ಗಿ ಕಡೆಯಿಂದ ಬಸ್ಸಿನಲ್ಲಿ ಬಂದಿದ್ದರು. ಹಿಂದಿನ ರಾತ್ರಿ ಒಳಗಿಡುವ ಮಾತ್ರೆ ಬಳಸಿದ್ದರಿಂದ ಅವರನ್ನು ಹಾಗೆಯೇ ವಾಪಸು ಕಳಿಸಿದರು. ಎರಡು ದಿನ ಮುಂಚಿನಿಂದ ಒಳಗೆ ಮಾತ್ರೆ, ಮುಲಾಮು ಬೇಡ, ಗಂಡ ಹೆಂಡತಿ ಸೇರುವುದು ಬೇಡ, ಒಳಗೆ ನೀರು ಹಾಯಿಸಿ ತೊಳೆಯುವುದು ಬೇಡ, ಮುಟ್ಟಿನ ದಿನಗಳಲ್ಲಿ ಬರುವುದು ಬೇಡ. ಇಷ್ಟನ್ನು ಹೆಸರು ನೋಂದಾಯಿಸುವಾಗ ಫೋನಿನಲ್ಲಿ ಹೇಳಲು ಅರ್ಧ ನಿಮಿಷ ಸಾಕು. ಅವರಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ.

ಪ್ಯಾಕೇಜಿನ ಬೆಲೆ 4,200 ರೂಪಾಯಿ. ಅದರಲ್ಲಿ ಪ್ಯಾಪ್ ಸ್ಮಿಯರ್, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ಎಂಬ ವೈರಸ್ಸಿನ ಡಿಎನ್‌ಎ ಪರೀಕ್ಷೆ, ವಿಟಮಿನ್ ಡಿ, ಥೈರಾಯ್ಡ್, ಜೊತೆಗೆ ಸಿಎ-125 ಎಂಬ ರಕ್ತ ಪರೀಕ್ಷೆ. ಈ ಕಡೆಯದು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ್ದು. ಲಕ್ಷಣಗಳಿಲ್ಲದ ಸಾಮಾನ್ಯ ಹೆಂಗಸರಿಗೆ ತಪಾಸಣೆಯಾಗಿ ಅದನ್ನು ಯಾರೂ ಶಿಫಾರಸು ಮಾಡುವುದಿಲ್ಲವಂತೆ. ಹೀಗೆಂದವರು ಅದೇ ಆಸ್ಪತ್ರೆಯ ಡಾಕ್ಟರಮ್ಮ. "ಮತ್ತೆ ಪ್ಯಾಕೇಜಿನಲ್ಲಿ ಯಾಕಿದೆ ಮೇಡಂ?" ಎಂದೆ. ಅವರು ನಕ್ಕರು, ಉತ್ತರ ಕೊಡಲಿಲ್ಲ.

ಒಳಗಿನ ಕೋಣೆಯಲ್ಲಿ ಮಾತ್ರ ಬೇರೆಯದೇ ಆಸ್ಪತ್ರೆ. ಗೌನಿನ ಬಗ್ಗೆ ದರ್ಜಿಯಾಗಿ ಒಂದು ಮಾತು: ಲಾಡಿಗಳನ್ನು ಒಂದೇ ಹೊಲಿಗೆಯಲ್ಲಿ ಕಚ್ಚಿಸಿದ್ದಾರೆ, ಒಂದು ಆಗಲೇ ಕಿತ್ತು ಹೋಗಿತ್ತು. ಆದರೆ ಬಟ್ಟೆ ಒಗೆದು ಇಸ್ತ್ರಿಯಾಗಿತ್ತು, ಬಾಗಿಲಿಗೆ ಒಳಚಿಲಕವಿತ್ತು, ಪರದೆ ನೆಲ ಮುಟ್ಟುವಷ್ಟು ಉದ್ದವಿತ್ತು. ಡಾಕ್ಟರಮ್ಮ ಒಳಗೆ ನೋಡಲು ದಾರಿ ಬಿಡಿಸಿ ಹಿಡಿಯುವ ಸ್ಪೆಕ್ಯುಲಂ ಎಂಬ ಸಾಧನವನ್ನು ಮೊದಲು ಕೈಗೆ ಕೊಟ್ಟು ತೋರಿಸಿದರು. ಹಾಕಿದಾಗ ನಾನು ಮೈ ಬಿಗಿ ಹಿಡಿದದ್ದು ನೋಡಿ, "ಇರಿ ಅಕ್ಕಾ, ಚಿಕ್ಕದು ತರಿಸುತ್ತೇನೆ" ಎಂದು ನಿಲ್ಲಿಸಿದರು. ಪೊರಕೆಯ ತುದಿಯಂಥ ಒಂದು ಸಣ್ಣ ಬ್ರಷ್ಷನ್ನು ಒಳಗೆ ಕೆಲವು ಸುತ್ತು ತಿರುಗಿಸಿ, ಅದರ ತಲೆಯನ್ನು ದ್ರಾವಣದ ಬಾಟಲಿಗೆ ಉದುರಿಸಿ ಮುಚ್ಚಳ ಬಿಗಿದರು. ಎರಡೂ ಪರೀಕ್ಷೆಗೆ ಅದೇ ಒಂದು ಬಾಟಲಿ. ಹಳೆಯ ಪದ್ಧತಿಯಲ್ಲಿ ಗಾಜಿನ ಪಟ್ಟಿಗೆ ಸವರುತ್ತಿದ್ದರು. ನೋವಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಹೊಟ್ಟೆಯ ಕೆಳಗೆ ಒಂದು ಹಿಂಡು ಹಿಂಡಿತು, ಬಿಟ್ಟಿತು.

ಎರಡು ಪರೀಕ್ಷೆ ಏಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ಪ್ಯಾಪ್ ಎಂದರೆ ಸೀರೆಯಲ್ಲಿ ತೂತು ಬಿದ್ದಿದೆಯೇ ಎಂದು ನೋಡುವುದು; ಎಚ್‌ಪಿವಿ ಎಂದರೆ ಬೀರುವಿಗೆ ಹುಳು ಸೇರಿದೆಯೇ ಎಂದು ನೋಡುವುದು. ಹುಳು ಸೇರಿದ ಮಾತ್ರಕ್ಕೆ ಸೀರೆ ಹಾಳಾಗುವುದಿಲ್ಲ. ಈ ವೈರಸ್ ತಗುಲಿದ ಹೆಚ್ಚಿನವರಲ್ಲಿ ಅದು ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿದರೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಾರು ವರ್ಷ ಬೇಕು. ಈ ಕ್ಯಾನ್ಸರಿನ ಸುಮಾರು 70 ಶೇಕಡಾ ಪ್ರಕರಣಗಳಿಗೆ ಈ ವೈರಸ್ಸಿನ 16 ಮತ್ತು 18 ಎಂಬ ಎರಡು ಬಗೆಗಳೇ ಕಾರಣ. ಅವು ಸಿಕ್ಕರೆ ನೇರ ಕಾಲ್ಪಸ್ಕೋಪಿ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವುದು.

ಎಚ್‌ಪಿವಿ ಪರೀಕ್ಷೆಯಿಂದ ಎಷ್ಟು ಉಪಯೋಗ ಎಂಬ ತಿಳಿವಳಿಕೆಯ ಒಂದು ದೊಡ್ಡ ಪಾಲು ಬಂದದ್ದು ನಮ್ಮ ಪಕ್ಕದಿಂದಲೇ. ಆಳಂದ ದಾಟಿದರೆ ಸಿಗುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ, 30ರಿಂದ 59 ವರ್ಷದ 1,31,746 ಹೆಂಗಸರನ್ನು ಗುಂಪುಗಳಾಗಿ ಮಾಡಿ ಎಂಟು ವರ್ಷ ಗಮನಿಸಿದರು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು: ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆಯಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಪ್ಯಾಪ್ ಗುಂಪಿನಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಜೋಳದ ಹೊಲದಲ್ಲಿ ದುಡಿಯುವ ಆ ಹೆಂಗಸರ ದೆಸೆಯಿಂದ ಲೋಕಕ್ಕೆ ಗೊತ್ತಾದದ್ದು ನಮ್ಮ ಕೌಂಟರಿಗೆ ಇನ್ನೂ ಗೊತ್ತಾಗಿಲ್ಲ.

ವರದಿ ವಾಟ್ಸಾಪಿನಲ್ಲಿ ಬಂತು. ಎಚ್‌ಪಿವಿ ಯಾವ ಬಗೆಯೂ ಇಲ್ಲ. ಪ್ಯಾಪ್‌ನಲ್ಲಿ "ಎನ್‌ಐಎಲ್‌ಎಂ", ಅದರ ಕೆಳಗೆ "ಇನ್‌ಫ್ಲಮೇಷನ್". ಫೋನು ಮಾಡಿದರೆ "ಡಾಕ್ಟರಿಗೆ ತೋರಿಸಿ, ಕನ್ಸಲ್ಟೇಷನ್ 500" ಎಂದರು. ನಾಲ್ಕು ಸಾವಿರ ಕೊಟ್ಟವಳಿಗೆ ವರದಿಯ ಅರ್ಥ ಹೇಳುವುದು ಪ್ಯಾಕೇಜಿನಲ್ಲಿಲ್ಲ, ವಿಟಮಿನ್ ಡಿ ಇದೆ! ಕೊನೆಗೆ ಡಾಕ್ಟರಮ್ಮನೇ ದುಡ್ಡು ತೆಗೆದುಕೊಳ್ಳದೆ ಹೇಳಿದರು: ಎನ್‌ಐಎಲ್‌ಎಂ ಎಂದರೆ ಕ್ಯಾನ್ಸರಾಗಲಿ ಅದರ ಮುನ್ಸೂಚನೆಯಾಗಲಿ ಇಲ್ಲ ಎಂದು, ಇನ್‌ಫ್ಲಮೇಷನ್ ಎಂದರೆ ಸ್ವಲ್ಪ ಉರಿಯೂತ, ಬಾಧೆ ಇಲ್ಲದಿದ್ದರೆ ಮಾತ್ರೆಯೂ ಬೇಡ. ಇನ್ನು ಐದು ವರ್ಷ ಬಿಟ್ಟು ಬಂದರೆ ಸಾಕು ಎಂದರು. ಅದೇ ವಾರ ಆಸ್ಪತ್ರೆಯಿಂದ ಸಂದೇಶ: "ಪ್ರತಿ ವರ್ಷ ಪ್ಯಾಪ್ ಮಾಡಿಸಿ, ಶೇಕಡಾ 10 ರಿಯಾಯಿತಿ."

ದುಡ್ಡಿಲ್ಲದವರು ಇದನ್ನು ಓದಿ ಹಿಂಜರಿಯಬೇಡಿ. ಸರ್ಕಾರಿ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಅಸಿಟಿಕ್ ಆಮ್ಲ ಸವರಿ ನೋಡುವ ವಿಐಎ ಪರೀಕ್ಷೆ ಇದೆ. ಕೆಲವೇ ನಿಮಿಷದಲ್ಲಿ ಫಲಿತಾಂಶ ಹೇಳುತ್ತಾರೆ. ನಮ್ಮ ಅಕ್ಕ ಅಲ್ಲಿಯೇ ಮಾಡಿಸಿಕೊಂಡಳು. ಖಾಸಗಿಗೇ ಹೋಗುವುದಾದರೆ ಪ್ಯಾಕೇಜ್ ಬೇಡ, ಎಚ್‌ಪಿವಿ ಪರೀಕ್ಷೆಯೊಂದೇ ಸಾಕು ಎಂದು ಕೇಳಿ. ದರಪಟ್ಟಿಯಲ್ಲಿ ಅದನ್ನು ಹಾಕಿಲ್ಲ, ಆದರೆ ನನ್ನ ನಾದಿನಿ ಹಟ ಹಿಡಿದು ಕೇಳಿದಾಗ ಪ್ಯಾಕೇಜಿನ ಅರ್ಧ ಬೆಲೆಗೆ ಮಾಡಿಕೊಟ್ಟರು.