ಮಾಲೀಕರ ಮಾತು ಹಿಡಿಸದಿದ್ದರೆ: ಕೊಳ್ಳೋದು ಬಿಡಬೇಕಾ, ಕೇಳಬೇಕಾ?

ಕಂಪನಿ ಮಾಲೀಕರ ಅಭಿಪ್ರಾಯ ಸಿಟ್ಟು ತರಿಸಿದರೆ ಎರಡು ದಾರಿ: ಕೊಳ್ಳೋದು ನಿಲ್ಲಿಸುವುದು, ಇಲ್ಲವೇ ಕೊಳ್ಳುತ್ತಲೇ ಪತ್ರ ಬರೆದು ಪ್ರಶ್ನಿಸುವುದು.

ಬಹಿಷ್ಕಾರ ಯಾವಾಗಲೂ ನಾಟುವುದಿಲ್ಲ. 2012ರಲ್ಲಿ ಅಮೆರಿಕದ ಚಿಕನ್ ಹೋಟೆಲ್ ಕಂಪನಿ ಚಿಕ್-ಫಿಲ್-ಎಯ ಮುಖ್ಯಸ್ಥ ಡ್ಯಾನ್ ಕ್ಯಾಥಿ ಸಲಿಂಗಿ ಮದುವೆಯನ್ನು ವಿರೋಧಿಸಿದಾಗ ಬಹಿಷ್ಕಾರದ ಕೂಗೆದ್ದಿತು. ಆದರೆ ಆಗಸ್ಟ್ 1ರಂದು ಬೆಂಬಲಿಗರು ಅಂಗಡಿಗಳ ಮುಂದೆ ಉದ್ದುದ್ದ ಸಾಲು ನಿಂತರು! ಇಟಲಿಯ ಪಾಸ್ತಾ ಕಂಪನಿ ಬರಿಲ್ಲಾದ ಕಥೆ ಬೇರೆ. 2013ರಲ್ಲಿ ಅದರ ಅಧ್ಯಕ್ಷ ಗೀಡೊ ಬರಿಲ್ಲಾ, ಜಾಹೀರಾತಿನಲ್ಲಿ ಸಲಿಂಗಿ ಕುಟುಂಬ ತೋರಿಸಲ್ಲ ಎಂದರು. ಬಹಿಷ್ಕಾರದ ಬಿಸಿ ತಟ್ಟಿದ್ದೇ ಕ್ಷಮೆ ಕೇಳಿದರು. ಬೇರೆ ಬ್ರಾಂಡ್ ಪಾಸ್ತಾ ಅದೇ ಕಪಾಟಿನಲ್ಲಿರುತ್ತದೆ, ಅಲ್ವಾ?

ಪತ್ರದ ಕೆಲಸ ನಿಧಾನ. ಆದರೆ ನೌಕರರ ಹೊಟ್ಟೆಗೆ ಹೊಡೆಯುವುದಿಲ್ಲ. ಮಾಲೀಕರು ಬರೀ ಮಾತಾಡಿದ್ದರೆ ಪತ್ರವೇ ಸಾಕು ಅನ್ನಿಸುತ್ತದೆ ನನಗೆ. ನೀವು ಕೊಟ್ಟ ದುಡ್ಡೇ ದೇಣಿಗೆಯಾಗಿ ಹೋಗುತ್ತಿದ್ದರೆ, ಸುಮ್ನೆ ಅಂಗಡಿ ಬದಲಿಸಿ.