ಬಂಡೆಯ ಉಷ್ಣವಾಹಕತೆ ಅಳೆಯುವ ಟ್ರೇಲರ್ ಘಟಕ: ಹಲವು ವರ್ಷಗಳ ಬಳಕೆಯ ನಂತರ

ಸ್ವೀಡನ್ನಿನಲ್ಲಿ ಕಟ್ಟಡಗಳನ್ನು ಬೆಚ್ಚಗಿಡಲು ಬಂಡೆಯಲ್ಲಿ ಕೊಳವೆಬಾವಿ ಕೊರೆದು, ನೆಲದ ಶಾಖವನ್ನು ಕಟ್ಟಡಕ್ಕೆ ಎತ್ತಿಕೊಡುವ ಹೀಟ್ ಪಂಪ್ ಜೋಡಿಸುವುದು ತೀರ ಸಾಮಾನ್ಯ. ದೊಡ್ಡ ಕಟ್ಟಡವಾದರೆ ಎಷ್ಟು ಬಾವಿ ಬೇಕು, ಎಷ್ಟು ಆಳ ಬೇಕು ಎಂದು ತೀರ್ಮಾನಿಸುವ ಮೊದಲು ಒಂದು ಬಾವಿಯಲ್ಲಿ ಬಂಡೆಯ ಉಷ್ಣವಾಹಕತೆಯನ್ನು, ಅಂದರೆ ಶಾಖ ಅದರ ಮೂಲಕ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು, ಅಳೆಯಬೇಕಾಗುತ್ತದೆ. ಸ್ಟಾಕ್‌ಹೋಮ್ ಸುತ್ತಮುತ್ತ ಈ ಕೆಲಸಕ್ಕೆ ನಾನು ಬಹಳ ಕಾಲದಿಂದ ಬಳಸುತ್ತಿರುವ ಟ್ರೇಲರ್ ಘಟಕದ ವಿಮರ್ಶೆ ಇದು. 1983ರಲ್ಲಿ ಇಂಜಿನಿಯರ್ ಮೊಗೆನ್ಸೆನ್ ಸೂಚಿಸಿದ ಈ ಅಳತೆಯ ವಿಧಾನ 1990ರ ದಶಕದ ಮಧ್ಯಭಾಗದಲ್ಲಿ ಉತ್ತರ ಸ್ವೀಡನ್ನಿನ ಲೂಲಿಯೊ ವಿಶ್ವವಿದ್ಯಾಲಯದಲ್ಲಿ ಸಂಚಾರಿ ಘಟಕದ ರೂಪ ಪಡೆಯಿತು.

ಒಳಗಿರುವುದು ಹೀಟರ್, ಪಂಪ್, ಹರಿವಿನ ಮೀಟರ್ ಮತ್ತು ತಾಪಮಾನದ ಸಂವೇದಕಗಳು, ಅಷ್ಟೆ. ಬಾವಿಗಿಳಿಸಿದ ಯು ಆಕಾರದ ಪೈಪಿನಲ್ಲಿ ಬಿಸಿ ದ್ರವವನ್ನು ಸುತ್ತಿಸುತ್ತಾ, ಅದರ ಸರಾಸರಿ ತಾಪ ಏರುವ ಬಗೆಯನ್ನು ದಾಖಲಿಸುತ್ತದೆ. 200 ಮೀಟರ್ ಬಾವಿಗೆ 10 ಕಿಲೋವ್ಯಾಟ್ ಕೊಟ್ಟರೆ ಮೀಟರಿಗೆ 50 ವ್ಯಾಟ್. ತಾಪ ಸಮಯದ ಲಾಗರಿದಮ್ಮಿಗೆ ಅನುಗುಣವಾಗಿ ಏರುವುದರಿಂದ, ಮೊದಲ ಹತ್ತು ಗಂಟೆ ಕಳೆದ ಮೇಲೆ 10ನೇ ಗಂಟೆಯಿಂದ 27ನೇ ಗಂಟೆಯವರೆಗೆ ತಾಪ ಎಷ್ಟು ಏರಿತೋ, 27ರಿಂದ 74ರವರೆಗೂ ಹೆಚ್ಚುಕಡಿಮೆ ಅಷ್ಟೇ ಏರಬೇಕು. ಆ ಏರಿಕೆ 1.25 ಡಿಗ್ರಿ ಇದ್ದರೆ ಉಷ್ಣವಾಹಕತೆಯ ಲೆಕ್ಕ ಸುಮಾರು 3.2ಕ್ಕೆ (ಪ್ರತಿ ಮೀಟರ್, ಪ್ರತಿ ಡಿಗ್ರಿಗೆ ವ್ಯಾಟ್) ಬಂದು ನಿಲ್ಲುತ್ತದೆ. ಗ್ರಾನೈಟು, ನೈಸ್ ಶಿಲೆಗಳಿಗೆ ಇದು ಒಪ್ಪುವ ಮೌಲ್ಯ. ಅಂಗೈಯಗಲದ ಶಿಲಾ ಮಾದರಿಯನ್ನು ಪ್ರಯೋಗಾಲಯಕ್ಕೊಯ್ದು ಅಳೆದಾಗ ಸಿಗದ, ಇಡೀ ಬಾವಿಯ ಸರಾಸರಿ ಇಲ್ಲಿ ಸಿಗುತ್ತದೆ. ಪದರಪದರವಾದ ನೈಸ್ ಶಿಲೆಯಲ್ಲಿ ಪದರಗಳ ಉದ್ದಕ್ಕೆ ಒಂದು, ಅಡ್ಡಕ್ಕೆ ಇನ್ನೊಂದು ಮೌಲ್ಯ ಇರುವುದರಿಂದ ಈ ಗುಣಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇದರ ದೊಡ್ಡ ಕೊರತೆ ವಿದ್ಯುತ್ತಿನದು. ನಿರ್ಮಾಣ ಸ್ಥಳದಲ್ಲಿ ಕ್ರೇನ್ ಚಾಲೂ ಆದೊಡನೆ ವೋಲ್ಟೇಜ್ ಕುಸಿದು ಹೀಟರಿನ ಶಾಖ ಇಳಿಯುತ್ತದೆ, ಸಮಯದ ಲಾಗರಿದಮ್ಮಿನೆದುರು ನೇರವಾಗಿರಬೇಕಾದ ತಾಪದ ಗೆರೆ ಬಳುಕುತ್ತದೆ. ತಯಾರಕರು ಶಾಖವನ್ನು ಸ್ಥಿರವಾಗಿಡುವ ನಿಯಂತ್ರಕವನ್ನು ಮೊದಲೇ ಅಳವಡಿಸಬೇಕಿತ್ತು. ಅದಿಲ್ಲದೆ ಮಾರುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಟ್ರೇಲರಿನಿಂದ ಬಾವಿಯವರೆಗಿನ ಪೈಪಿಗೆ ಕೊಟ್ಟಿರುವ ಹೊದಿಕೆಯೂ ತೆಳುವು: ಬಿಸಿಲು ಬಂದರೆ ಹಗಲುರಾತ್ರಿಯ ಏರಿಳಿತ ದಾಖಲೆಯಲ್ಲಿ ಅಲೆಯಾಗಿ ಕಾಣಿಸುತ್ತದೆ. ನಾವು ಅದರ ಮೇಲೆ ಇನ್ನೊಂದು ದಪ್ಪ ಹೊದಿಕೆ ಸುತ್ತುತ್ತೇವೆ. ಪಂಪ್ ಮಾತ್ರ ಇಂದಿಗೂ ತೊಂದರೆ ಕೊಟ್ಟಿಲ್ಲ.

ಬಿರುಕುಗಳಲ್ಲಿ ಅಂತರ್ಜಲ ಹರಿಯುವ ಕಡೆ ಇನ್ನೂ ಎಚ್ಚರ ಬೇಕು. ಹರಿಯುವ ನೀರು ಶಾಖವನ್ನು ಹೊತ್ತೊಯ್ಯುವುದರಿಂದ ಬಂಡೆಗಿಲ್ಲದ ವಾಹಕತೆ ಅಂಕಿಯಲ್ಲಿ ಮೂಡುತ್ತದೆ. ಯಾವ ಆಳದಲ್ಲಿ ಹೀಗಾಯಿತು ಎಂದು ಘಟಕ ಹೇಳಲಾರದು. ಅದಕ್ಕೆ ಪೈಪಿನುದ್ದಕ್ಕೂ ಆಪ್ಟಿಕಲ್ ಫೈಬರ್ ಕೇಬಲ್ ಇಳಿಸಿ ಆಳಾಳಕ್ಕೂ ತಾಪ ನೋಡಬೇಕು. ಕರ್ನಾಟಕದ ಗಟ್ಟಿ ಶಿಲೆಯಲ್ಲೂ ಕೊಳವೆಬಾವಿಗೆ ನೀರು ಬರುವುದು ಬಿರುಕುಗಳಿಂದಲೇ ಆದ್ದರಿಂದ, ಅಲ್ಲಿ ಇಂತಹ ಪರೀಕ್ಷೆ ಮಾಡಿಸುವವರಿಗೂ ಈ ಮಾತು ಅನ್ವಯಿಸುತ್ತದೆ.

ಘಟಕವನ್ನು ಕೊಳ್ಳದೆ ಸೇವೆಯನ್ನಷ್ಟೇ ಪಡೆಯುವವರು ಕನಿಷ್ಠ ಎರಡೂವರೆ ದಿನ ಬಿಸಿ ಮಾಡಲು ಹೇಳಿ, ಅಂತಿಮ ಅಂಕಿಯ ಜೊತೆಗೆ ನಿಮಿಷ ನಿಮಿಷದ ಮೂಲ ದಾಖಲೆಯನ್ನೂ ಕೇಳಿ ಪಡೆಯಿರಿ.