ಕೆರೆ ಗಿಡ, ಕುಂಡದ ಗಿಡ, ಕಪ್ ಗಿಡ: ಅಕ್ವೇರಿಯಂಗೆ ಯಾವುದು?

ಕೊಡಗಿನಲ್ಲಿ ಕಾಫಿ ತೋಟದ ಕೆರೆ ಅಂದರೆ, ಹೂಮಳೆ (ಕಾಫಿ ಮೊಗ್ಗು ಅರಳಿಸುವ ಮಳೆ) ಕೈಕೊಟ್ಟ ವರ್ಷ ಫೆಬ್ರವರಿ–ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್‌ಗೆ ನೀರು. ಉಳಿದ ತಿಂಗಳು ಅದು ಸುಮ್ನೆ ಬಿದ್ದಿರುತ್ತದೆ. ಅದರಲ್ಲಿ ಅಕ್ವೇರಿಯಂ ಗಿಡ ಬೆಳೆದು ಮಾರಬಹುದಲ್ವಾ ಅಂತ ಸುಂಟಿಕೊಪ್ಪ, ಸಿದ್ದಾಪುರದ ಕಡೆಯವರು ಕೇಳುತ್ತಿರುತ್ತಾರೆ. ಮಾರಬಹುದು. ನಾನೂ ಮಾರುತ್ತೇನೆ. ಜೊತೆಗೆ ಮನೆಯ ಟ್ಯಾಂಕ್‌ಗಳಿಗೆ ಅಂಗಡಿಯ ಕುಂಡದ ಗಿಡವನ್ನೂ ಟಿಶ್ಯೂ ಕಲ್ಚರ್ ಕಪ್ಪನ್ನೂ (ಲ್ಯಾಬಿನಲ್ಲಿ ಜೆಲ್ ಮೇಲೆ ಬೆಳೆಸಿ ಮುಚ್ಚಿದ ಕಪ್ಪಲ್ಲಿ ಮಾರುವ ಗಿಡ) ಕೊಂಡು ತಂದು ನೆಟ್ಟಿದ್ದೇನೆ. ಮೂರಕ್ಕೂ ಒಂದೇ ನೀರು, ಒಂದೇ ದೀಪ. ಗಿಡದ ಚೆಂದ ನೋಡಿ ಆರಿಸುವವರಿಗೆ ನನ್ನದೊಂದು ಮಾತು: ಅದರ ಜೊತೆಗೆ ಏನೇನು ಬರುತ್ತದೆ ಅಂತ ಮೊದಲು ನೋಡಿ.

ಕುಂಡದ ಗಿಡದಿಂದ ಶುರು ಮಾಡೋಣ. ಅಂಗಡಿಯಲ್ಲಿ ಸಿಗುವ ಇಂಥ ಗಿಡಗಳಲ್ಲಿ ಹೆಚ್ಚಿನವು ಬೇರು ಮಾತ್ರ ನೀರಲ್ಲಿಟ್ಟು, ಎಲೆ ಗಾಳಿಗೆ ಬಿಟ್ಟು ಬೆಳೆದವು. ಎಲೆ ಗಟ್ಟಿ, ನೋಡಲು ಚೆನ್ನ. ಪೂರ್ತಿ ಮುಳುಗಿಸಿದ ಮೇಲೆ ಆ ಎಲೆ ಕರಗುತ್ತದೆ, ನೀರಿಗೆ ಹೊಂದುವ ತೆಳು ಎಲೆ ಹೊಸದಾಗಿ ಬರಬೇಕು. ಇದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಕ್ರಿಪ್ಟೊಕೊರೈನ್ ಅಂತೂ ಒಂದು ಎಲೆಯೂ ಉಳಿಯದಂತೆ ಬೋಳಾಗಿಬಿಡುತ್ತದೆ. ಸತ್ತೇಹೋಯಿತು ಅಂತ ಕಿತ್ತೆಸೆಯಬೇಡಿ, ಬೇರು ಗಟ್ಟಿಯಿದ್ದರೆ ಚಿಗುರುತ್ತದೆ.

ಕೆರೆಯಲ್ಲಿ ಮುಳುಗಿಯೇ ಬೆಳೆದ ಗಿಡಕ್ಕೆ ಈ ಗೋಳಿಲ್ಲ. ತಳದ ಕೆಸರು ಕೊಳೆಯುವಾಗ ಕಾರ್ಬನ್ ಡೈಆಕ್ಸೈಡ್ ಬರುತ್ತಲೇ ಇರುತ್ತದೆ, ಮೇಲಿಂದ ಬಿಸಿಲು. ಅಕ್ವೇರಿಯಂಗೆ ಆ ಅನಿಲ ಬಿಡುವ ಸಿಲಿಂಡರ್ ಇಲ್ಲದೆಯೇ ವ್ಯಾಲಿಸ್ನೇರಿಯಾ, ಲಿಮ್ನೋಫಿಲಾ, ರೊಟಾಲಾ ದಟ್ಟವಾಗಿ ಬರುತ್ತವೆ. ಆದರೆ ಲಿಮ್ನೋಫಿಲಾ, ರೊಟಾಲಾದಂಥ ಕಾಂಡದ ಗಿಡವನ್ನು ಬಿಸಿಲಿಂದ ಎಲ್‌ಇಡಿ ಕೆಳಗೆ ತಂದರೆ ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚುತ್ತದೆ, ಕೆಳಗಿನ ಎಲೆ ಉದುರುತ್ತದೆ. ತುದಿ ಕತ್ತರಿಸಿ ಮತ್ತೆ ನೆಟ್ಟರೆ ಸರಿಹೋಗುತ್ತದೆ.

ನೀರಿನ ವಿಷಯವೂ ಉಂಟು. ನಮ್ಮ ಕೆರೆ ಮಳೆನೀರಿನದು, ತುಂಬ ಮೆದು. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಗಡಸು ನೀರಿನ ಬೈಕಾರ್ಬನೇಟನ್ನೂ ಬಳಸಿಕೊಳ್ಳುತ್ತವೆ, ಹಾಗಾಗಿ ಅಲ್ಲಿ ಬೇಗ ಚೇತರಿಸಿಕೊಳ್ಳುತ್ತವೆ. ಕೆಂಪು ರೊಟಾಲಾ ಮ್ಯಾಕ್ರಾಂಡ್ರಾ ನಮ್ಮ ದಕ್ಷಿಣ ಭಾರತದ್ದೇ ಗಿಡ. ಆದರೂ ಗಡಸು ನೀರು, ಮಂದ ದೀಪ ಅಂದರೆ ಮುನಿಸಿಕೊಳ್ಳುತ್ತದೆ. ಬೋರ್‌ವೆಲ್ ನೀರು ಅಂತ ಹೇಳಿದ ಗಿರಾಕಿಗೆ ನಾನು ಅದನ್ನು ಕೊಡುವುದೇ ಇಲ್ಲ.

ಇನ್ನು ಜೊತೆಗೆ ಬರುವ ಸಾಮಾನು. ಕೆರೆಯ ಒಂದು ಕಟ್ಟು ಗಿಡವನ್ನು ಬಿಳಿ ಟ್ರೇಯಲ್ಲಿ ಹಾಕಿ ಅಲ್ಲಾಡಿಸಿ ನೋಡಿ. ಬಸವನಹುಳು, ಎಲೆ ಹಿಂದೆ ಅಂಟಿದ ಅದರ ಲೋಳೆ ಮೊಟ್ಟೆ, ಸಣ್ಣ ಜಿಗಣೆ, ಪಾಚಿಯ ಎಳೆ. ಇವಕ್ಕಿಂತ ಕೆಟ್ಟದ್ದು ಏರೋಪ್ಲೇನ್ ಚಿಟ್ಟೆಯ ಮರಿಹುಳು. ಕಂದು ಬಣ್ಣ, ಕಡ್ಡಿ ತುಂಡಿನಂತೆ ಅಲ್ಲಾಡದೆ ಕೂತಿರುತ್ತದೆ. ಗಪ್ಪಿ ಮೀನಿನ ಮರಿ ಹತ್ತಿರ ಬಂದರೆ ಕೆಳದವಡೆ ಮುಂದಕ್ಕೆ ಚಾಚಿ ಹಿಡಿಯುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟಿನ ಗುಲಾಬಿ ಬಣ್ಣದ ನೀರಲ್ಲಿ ಹತ್ತು ನಿಮಿಷ ಅದ್ದಿದರೆ ಪಾಚಿ, ಸಣ್ಣ ಹುಳು ಕಡಿಮೆಯಾಗುತ್ತವೆ. ನೀರು ಕಂದಾದರೆ ಅದರ ಕೆಲಸ ಮುಗಿದಂತೆ, ಹೊಸದು ಮಾಡಬೇಕು. ಬಸವನಹುಳುವಿಗೆ ಪಟಿಕದ ನೀರೇ ವಾಸಿ: ಲೀಟರ್‌ಗೆ ಒಂದು ಚಮಚ, ಎರಡು ಮೂರು ಗಂಟೆ. ಮೊಟ್ಟೆ ಇವೆರಡಕ್ಕೂ ಪೂರ್ತಿ ಜಗ್ಗುವುದಿಲ್ಲ.

ನಮ್ಮ ತೋಟದ ಕೆರೆಗಳಿಗೇ ಅಂಟಿದ ತೊಂದರೆ ಇನ್ನೊಂದಿದೆ, ಮೈಲುತುತ್ತ (ತಾಮ್ರದ ಸಲ್ಫೇಟ್). ಮಳೆಗಾಲಕ್ಕೆ ಮುಂಚೆ ಮೆಣಸಿನ ಬಳ್ಳಿಗೆ ಸೊರಗು ರೋಗ ಬಾರದಿರಲಿ ಅಂತ ಶೇ. 1ರ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಇಳಿಜಾರಿನ ತೋಟವಾದರೆ ಮಳೆಗೆ ತೊಳೆದು ಅದು ಇಳಿಯುವುದು ಕೆರೆಗೇ. ತಾಮ್ರ ಕೆಸರಲ್ಲಿ ಕೂತುಬಿಡುತ್ತದೆ. ಮೀನು ಒಂದಿಷ್ಟು ತಡೆದುಕೊಳ್ಳುತ್ತದೆ, ಸಾಕುವ ಚೆರ್ರಿ ಸೀಗಡಿಗೆ ತೀರಾ ಸಣ್ಣ ಪ್ರಮಾಣವೂ ವಿಷ. ಮೆದು ನೀರಲ್ಲಿ ತಾಮ್ರದ ವಿಷ ಇನ್ನೂ ಜಾಸ್ತಿ. ಹಾಗಾಗಿ ಮೆಣಸಿನ ಕೆಳಗಿರುವ ಕೆರೆಯ ಗಿಡವನ್ನು ಸೀಗಡಿ ಸಾಕುವವರಿಗೆ ನೇರವಾಗಿ ಮಾರುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಅವರು ಟಿಶ್ಯೂ ಕಲ್ಚರ್ ಕಪ್ ಕೊಳ್ಳಲಿ.

ಕಪ್ ಗಿಡದಲ್ಲಿ ಹುಳ ಇಲ್ಲ, ಪಾಚಿ ಇಲ್ಲ. ಜೆಲ್ ತೊಳೆದು ನೆಟ್ಟರಾಯಿತು. ನೆಲಕ್ಕೆ ಹಾಸುವ ಪುಟ್ಟ ಗಿಡಗಳಿಗೆ ಇದೇ ಸರಿ, ಕೆರೆಯಲ್ಲಿ ಅವು ಪಾಚಿಗೆ ಸೋಲುತ್ತವೆ. ಆದರೆ ಗಿಡ ಎಳಸು, ಬೆಲೆ ದುಬಾರಿ. ಒಂದು ಕಪ್ ದುಡ್ಡಿಗೆ ಕೆರೆಯ ವ್ಯಾಲಿಸ್ನೇರಿಯಾ ಒಂದು ದೊಡ್ಡ ಟ್ಯಾಂಕಿನ ಹಿಂಬದಿ ತುಂಬುವಷ್ಟು ಬರುತ್ತದೆ.

ಮಾರುವವರಿಗೆ ನನ್ನ ಸಲಹೆ, ಕೆರೆಗೂ ಗಿರಾಕಿಗೂ ನಡುವೆ ಸಿಮೆಂಟ್ ರಿಂಗ್ ತೊಟ್ಟಿ ಇರಲಿ. ಹೊಸ ರಿಂಗ್ ಸುಣ್ಣ ಬಿಡುತ್ತದೆ, ನೀರು ತುಂಬಿ ಚೆಲ್ಲಿ ಹದ ಮಾಡಿ. ಕಾಂಡದ ಗಿಡವಾದರೆ ಕೆರೆಯಿಂದ ಬೇರು ಸಮೇತ ಕೀಳದೆ ತುದಿಯನ್ನಷ್ಟೇ ಕತ್ತರಿಸಿ ತನ್ನಿ, ಕೆಸರು ಅಲ್ಲೇ ಉಳಿಯುತ್ತದೆ. ತೊಟ್ಟಿಯಲ್ಲಿ ಹೊಸ ಚಿಗುರು ಬಂದ ಮೇಲೆ ಅದನ್ನು ಮಾರಿ. ಇನ್ನೊಂದು ಲಾಭ: ಬಿಸಿಲು ಚೆನ್ನಾಗಿರುವ ಹೊತ್ತಿಗೇ ಸ್ಪ್ರಿಂಕ್ಲರ್ ಓಡಿ ಕೆರೆ ಇಳಿಯುತ್ತದೆ, ಅಂಚಿನ ಗಿಡ ಒಣಗುತ್ತದೆ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ನೀರು ಕೆಂಪಾಗಿ ತಳಕ್ಕೆ ಬೆಳಕೇ ಹೋಗುವುದಿಲ್ಲ. ಎರಡೂ ಕಾಲದಲ್ಲಿ ತೊಟ್ಟಿ ಕಾಯುತ್ತದೆ.

ಅಂಗಡಿಗೆ ಕೊಡುವುದಾ, ನೇರ ಗಿರಾಕಿಗಾ? ಅಂಗಡಿಯವರು ಒಟ್ಟಿಗೆ ಒಯ್ಯುತ್ತಾರೆ, ಬೆಲೆ ಕಡಿಮೆ, ದೂರು ಕಡಿಮೆ. ನೇರ ಗಿರಾಕಿ ಒಳ್ಳೆ ಬೆಲೆ ಕೊಡುತ್ತಾರೆ, ಒಂದು ಬಸವನಹುಳು ಸಿಕ್ಕರೂ ಫೋಟೊ ಕಳಿಸುತ್ತಾರೆ. ಜಿಲ್ಲೆಯಲ್ಲಿ ರೈಲಿಲ್ಲ, ರಾತ್ರಿ ಬಸ್ಸೇ ಗತಿ. ಪ್ಯಾಕೆಟ್ಟಲ್ಲಿ ನೀರು ತುಂಬಬೇಡಿ. ಬುಡಕ್ಕೆ ಒದ್ದೆ ಪೇಪರ್ ಸುತ್ತಿ, ಸಡಿಲವಾಗಿ ರಬ್ಬರ್ ಬ್ಯಾಂಡ್ ಹಾಕಿ, ಜಿಪ್ ಕವರ್‌ನಲ್ಲಿ ಸ್ವಲ್ಪ ಗಾಳಿ ಬಿಟ್ಟು ಮುಚ್ಚಿ. ನೀರು ತುಂಬಿದರೆ ಎಲೆ ಕುಲುಕಿ ಕುಲುಕಿ ಜಜ್ಜುತ್ತದೆ. ಹಾರ್ನ್‌ವರ್ಟ್‌ಗೆ ಬೇರೇ ಇಲ್ಲ, ಸುಮ್ನೆ ಒದ್ದೆ ಪೇಪರಲ್ಲಿ ಸುರುಳಿ ಸುತ್ತಿದರೆ ಸಾಕು.

ಕಾಡಿನ ತೋಡಿಂದ ಕಿತ್ತು ತಂದು ಮಾರುವ ಯೋಚನೆ ಬೇಡ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳಲ್ಲಿ ಹಾಗೆ ಕೀಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕೇರಳದ ಕೆರೆ ತೋಡುಗಳಲ್ಲಿ ಗುಲಾಬಿ ಬಣ್ಣದ ಹೂ ಬಿಟ್ಟು ಹರಡಿರುವ ಕ್ಯಾಬೊಂಬಾವನ್ನೂ, ನೀರಿನ ಮೇಲೆಲ್ಲ ತೇಲಿ ಹರಡುವ ಸಾಲ್ವೀನಿಯಾವನ್ನೂ ನಾನು ಕೆರೆಗೆ ಬಿಡುವುದಿಲ್ಲ. ನಮ್ಮ ಕೆರೆಯ ಕೋಡಿ ಬಿದ್ದರೆ ನೀರು ಹೋಗುವುದು ಕೆಳಗಿನವರ ಗದ್ದೆಗೆ, ಅಲ್ಲಿಂದ ಹೊಳೆಗೆ. ಆ ಎರಡು ಬೇಕೇಬೇಕು ಅನ್ನುವವರು ಬೇರೆ ಕಡೆ ಕೇಳಲಿ.